ಮ್ಯೂಸಿಯಂ ಇಲ್ಲದ ಊರಲ್ಲಿ ಕಲೆಯ ಚರ್ಚೆ ನಡೆಸುವುದು ಹೇಗೆ? ಶಿರಸಿ, ಕಾರವಾರದ ಕಡೆಯವರಿಗೆ ಒಂದು ಮಾರ್ಗದರ್ಶಿ

ನಮ್ಮ ಕಡೆ ಚಿತ್ರ ಪ್ರದರ್ಶನ ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತಿರುತ್ತದೆ. ದೀಪ ಹಚ್ಚುತ್ತಾರೆ. ವೇದಿಕೆಯ ಮೇಲಿದ್ದವರೆಲ್ಲ ಒಬ್ಬೊಬ್ಬರಾಗಿ ಮಾತಾಡುತ್ತಾರೆ. ಕಲಾವಿದರಿಗೆ ಶಾಲು ಹೊದೆಸುತ್ತಾರೆ. ಆಮೇಲೆ ಬಂದವರು ಗೋಡೆಗುಂಟ ಒಂದು ಸುತ್ತು ಬಂದು, 'ಚೊಲೋ ಇದ್ದು' ಅಂದು, ಚಾ ಕುಡಿದು ಹೋಗುತ್ತಾರೆ. ಆ ಚಿತ್ರದಲ್ಲಿ ಏನಿದೆ, ಯಾಕೆ ಹಾಗಿದೆ, ಅದು ನಮಗೆ ಒಪ್ಪಿಗೆಯಾ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ವರ್ಷಗಟ್ಟಲೆ ಕೂತು ಕೆಲಸ ಮಾಡಿದ ಕಲಾವಿದರಿಗೆ ಇದಕ್ಕಿಂತ ದೊಡ್ಡ ಬೇಸರ ಬೇರೆ ಇಲ್ಲ.

ಸಮಕಾಲೀನ ಕಲೆಯ ಮ್ಯೂಸಿಯಂಗಳಲ್ಲಿ ಚಿತ್ರ ನೇತುಹಾಕುವುದು ಅರ್ಧ ಕೆಲಸ ಮಾತ್ರ. ಮಾತುಕತೆ, ಸಿನಿಮಾ ಪ್ರದರ್ಶನ, ಕಲಾವಿದರ ಜತೆ ಸುತ್ತಾಟ, ಮಕ್ಕಳ ಕಮ್ಮಟ, ಬಿಸಿಬಿಸಿ ವಾದ, ಇವೆಲ್ಲ ಸೇರಿದರೇ ಅಲ್ಲಿನ ಕೆಲಸ ಪೂರ್ತಿ. ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ 2023ರ ಫೆಬ್ರವರಿಯಲ್ಲಿ ಜನರಿಗೆ ತೆರೆದ 'ಮ್ಯಾಪ್', ಅಂದರೆ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿ, ಇಂಥ ಕಾರ್ಯಕ್ರಮ ನಡೆಸುತ್ತದೆ. ಗೋವಾದ ಪಿಲೆರ್ನ್‌ನಲ್ಲಿ ಕಲಾವಿದ ಸುಬೋಧ ಕೇರ್ಕರ್ 2015ರಲ್ಲಿ ಶುರು ಮಾಡಿದ ಮ್ಯೂಸಿಯಂ ಆಫ್ ಗೋವಾ ಭಾನುವಾರದ ಮಾತುಕತೆಗೇ ಹೆಸರಾಗಿದೆ. ಜರ್ಮನಿಯ ಕಾಸೆಲ್ ಊರಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಡಾಕ್ಯುಮೆಂಟಾ ಪ್ರದರ್ಶನವನ್ನು 2002ರಲ್ಲಿ ರೂಪಿಸಿದ ಒಕ್ವುಯಿ ಎನ್ವೆಜರ್ ಅಂತೂ ಚಿತ್ರಗಳಿಗಿಂತ ಮೊದಲು ಚರ್ಚೆಗಳನ್ನೇ ಇಟ್ಟರು. ಬೇರೆ ಬೇರೆ ದೇಶಗಳಲ್ಲಿ ನಡೆದ ಆ ಚರ್ಚೆಗಳಲ್ಲಿ ಒಂದು 2001ರಲ್ಲಿ ದಿಲ್ಲಿಯಲ್ಲೇ ನಡೆಯಿತು.

ಶಿರಸಿಯಿಂದ ಬೆಂಗಳೂರಿಗೆ ಸುಮಾರು 400 ಕಿಲೋಮೀಟರ್. ಒಂದು ಸಂಜೆಯ ಮಾತಿಗೆ ಯಾರೂ ರಾತ್ರಿ ಬಸ್ಸು ಹತ್ತುವುದಿಲ್ಲ. ಹಾಗಾಗಿ ಆ ಕೆಲಸವನ್ನು ಇಲ್ಲೇ ಮಾಡಬೇಕು. ಮಾಡಬಹುದು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಯಾಕೆಂದರೆ ವಾದ ಮಾಡುವುದನ್ನು ಈ ಜಿಲ್ಲೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತಿನಿಂದಲೇ ಇಡೀ ರಾತ್ರಿ ಕೃಷ್ಣ-ಕೌರವರನ್ನು ಎದುರುಬದುರು ಕೂರಿಸುವ ತಾಳಮದ್ದಲೆ ನಮ್ಮದು. ನಮಗೆ ರೂಢಿಯಾಗಬೇಕಾದದ್ದು ಇನ್ನೊಂದಿದೆ: ಮಾತಾಡುವ ಮುಂಚೆ ಸುಮ್ನೆ ಕೂತು ನೋಡುವುದು. ಮುಂದಿನ ಹೆಜ್ಜೆಗಳೆಲ್ಲ ಅದರ ಸುತ್ತಲೇ ಇವೆ.

ಮೊದಲ ಹೆಜ್ಜೆ: ಒಂದೇ ಕೃತಿ ಆರಿಸಿ

ಒಂದು ಸಂಜೆಗೆ ಒಂದೇ ಕೃತಿ. ಎರಡಾದರೂ ಜಾಸ್ತಿಯೇ. 'ಆಧುನಿಕ ಕಲೆ ಮತ್ತು ಸಮಾಜ' ಅಂತ ವಿಷಯ ಇಟ್ಟರೆ ಬರೀ ಭಾಷಣ ಆಗುತ್ತದೆ, ಚರ್ಚೆ ಆಗುವುದಿಲ್ಲ. ಮೊದಲ ಸಲಕ್ಕೆ ಕಣ್ಣೆದುರೇ ಇಡಬಹುದಾದ, ಇಲ್ಲವೇ ಹತ್ತಿರ ಹೋಗಿ ನೋಡಬಹುದಾದ ವಸ್ತುವನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಅದಕ್ಕೆ ಬರ ಇಲ್ಲ.

ಕಾವಿ ಚಿತ್ರದಿಂದ ಶುರು ಮಾಡಬಹುದು. ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಪದರ ಕೊಟ್ಟು, ಅದು ಹಸಿ ಇರುವಾಗಲೇ ಉಕ್ಕಿನ ಮೊನೆಯಿಂದ ಕೆರೆದು, ಒಳಗಿನ ಬಿಳಿ ಕಾಣುವ ಹಾಗೆ ಚಿತ್ರ ಬಿಡಿಸುವ ವಿದ್ಯೆ ಅದು. ಗೋವಾದಿಂದ ನಮ್ಮ ಕರಾವಳಿಯುದ್ದಕ್ಕೂ ದೇವಸ್ಥಾನಗಳಲ್ಲಿ ಇತ್ತು. ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲೂ ಕಾವಿ ಚಿತ್ರಗಳಿವೆ. ಹೊನ್ನಾವರದ ಕೃಷ್ಣಾನಂದ ಕಾಮತರು ಫೋಟೊ ತೆಗೆದು, ಬರೆದು ಈ ಕಲೆಯನ್ನು ದಾಖಲಿಸಿದ್ದಾರೆ. ಜೀರ್ಣೋದ್ಧಾರ ಅಂತ ಗೋಡೆ ಕೆಡವಿದಾಗ, ಎಣ್ಣೆಬಣ್ಣ ಬಳಿದಾಗ, ಟೈಲ್ಸ್ ಹಾಕಿದಾಗ ಎಷ್ಟೋ ಕಡೆ ಇದು ಹೋಗಿಬಿಟ್ಟಿದೆ. ಚರ್ಚೆಗೆ ಪ್ರಶ್ನೆ ಅಲ್ಲೇ ಸಿದ್ಧವಾಗಿದೆ. ಪೂಜೆ ನಡೆಯುವ ದೇವಸ್ಥಾನ ಕಾಲಕ್ಕೆ ತಕ್ಕ ಹಾಗೆ ಬದಲಾಗಬೇಕಾ, ಅಥವಾ ಮ್ಯೂಸಿಯಂ ಥರ ಹಳೆಯದನ್ನು ಹಿಡಿದು ನಿಲ್ಲಬೇಕಾ? ಎರಡೂ ಕಡೆ ನಿಂತು ಮಾತಾಡುವ ಪ್ರಾಮಾಣಿಕ ಜನ ನಿಮ್ಮ ಕೇರಿಯಲ್ಲೇ ಸಿಗುತ್ತಾರೆ.

ಇನ್ನೊಂದು ಚಿತ್ತಾರ. ಶಿರಸಿ, ಸಿದ್ದಾಪುರ, ಸಾಗರದ ಕಡೆ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಲ್ಲಿ ಬರೆಯುವ ಹಸೆ ಚಿತ್ತಾರ. ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲೂ ಬರೆಯುತ್ತಾರೆ. ಅದು ಮದುವೆ ಮನೆಯ ಗೋಡೆಯಿಂದ ಇಳಿದು ಈಗ ಕ್ಯಾನ್ವಾಸಿನ ಮೇಲೆ, ಕಾಗದದ ಮೇಲೆ, ಗ್ಯಾಲರಿಯ ಚೌಕಟ್ಟಿನೊಳಗೆ ಬಂದಿದೆ. ಬಂದದ್ದು ಒಳ್ಳೆಯದೇ ಆಯಿತಾ? ಗೋಡೆಯ ಮೇಲಿದ್ದಾಗ ಮಳೆಗಾಲ ಕಳೆದು ಮತ್ತೆ ಬರೆಯುತ್ತಿದ್ದರು. ಚೌಕಟ್ಟಿನಲ್ಲಿ ಹಾಗೇ ಉಳಿಯುತ್ತದೆ. ಬರೆದವರ ಹೆಸರು ಕೆಳಗೆ ಬರೆಯುತ್ತಾರಾ? ಮಾರಿದ ದುಡ್ಡು ಯಾರಿಗೆ ಹೋಗುತ್ತದೆ? ಜಗತ್ತಿನ ದೊಡ್ಡ ಮ್ಯೂಸಿಯಂಗಳು ಇವತ್ತು ತಲೆಕೆಡಿಸಿಕೊಂಡಿರುವ ಪ್ರಶ್ನೆಗಳೇ ಇವು. ಈ ಚರ್ಚೆಗೆ ಚಿತ್ತಾರ ಬರೆಯುವವರನ್ನು ಕರೆಯದೆ ಇದ್ದರೆ ಅದು ಅನ್ಯಾಯ. ಅವರನ್ನು 'ಪ್ರಾತ್ಯಕ್ಷಿಕೆ'ಗೆ ಮೂಲೆಯಲ್ಲಿ ಕೂರಿಸಬೇಡಿ. ನಡುವೆ ಕೂರಿಸಿ, ಮೊದಲ ಮಾತು ಅವರಿಗೆ ಕೊಡಿ.

ಯಲ್ಲಾಪುರ, ಹಳಿಯಾಳ, ಮುಂಡಗೋಡಿನವರಿಗೆ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ಇದೆ. ಹಳೆ ಸೀರೆ, ಅಂಗಿಯ ತುಂಡುಗಳನ್ನು ಕೈಯಲ್ಲೇ ಹೊಲಿದು ಮಾಡುವ ಹೊದಿಕೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಹೂ' ಇಡದೆ ಕೆಲಸ ಮುಗಿಯುವುದಿಲ್ಲ. ಇವು ನ್ಯೂಯಾರ್ಕಿನವರೆಗೂ ಪ್ರದರ್ಶನಕ್ಕೆ ಹೋಗಿವೆ. ಆದರೆ ಹತ್ತಿರದ ಶಿರಸಿಯಲ್ಲಿ ಎಷ್ಟು ಜನ ಒಂದನ್ನಾದರೂ ಬಿಡಿಸಿ ನೋಡಿದ್ದಾರೆ?

ಇದ್ಯಾವುದೂ ಕೈಗೆ ಸಿಗಲಿಲ್ಲ ಅಂದರೆ ಹಳೆ ಮನೆಗಳ ಜಗಲಿಯಲ್ಲಿ ನೇತಾಡುವ ರವಿವರ್ಮನ ಲಕ್ಷ್ಮಿಯನ್ನೋ ಸರಸ್ವತಿಯನ್ನೋ ಚೌಕಟ್ಟಿನ ಸಮೇತ ಕೇಳಿ ತನ್ನಿ. ರವಿವರ್ಮ 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಶುರು ಮಾಡಿ ಇಂಥವನ್ನು ಸಾವಿರಗಟ್ಟಲೆ ಅಚ್ಚು ಹಾಕಿಸಿದ. ಅಚ್ಚಾದ ಚಿತ್ರ ಕಲೆಯಾ, ಕ್ಯಾಲೆಂಡರಾ? ನಮ್ಮ ಕಣ್ಣಿಗೆ ದೇವರ ಮುಖ ಹೀಗೇ ಇರಬೇಕು ಅಂತ ಕೂರಿಸಿದ್ದು ಯಾರು? ಒಂದು ಸಂಜೆಗೆ ಇಷ್ಟು ಸಾಕು.

ಸಮಕಾಲೀನ ಕೃತಿಗೆ ಎರಡನೇ ಸಲವೋ ಮೂರನೇ ಸಲವೋ ಬನ್ನಿ. ನಮ್ಮ ಜನಕ್ಕೆ ಹತ್ತಿರವಾದ ಕೆಲವರನ್ನು ಹೇಳುತ್ತೇನೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಬಣ್ಣ ಬಿಟ್ಟು ಸಗಣಿಯಲ್ಲಿ ಕೆಲಸ ಮಾಡಿದವರು. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಗಣ್ಣಿನಲ್ಲಿ ಹಾಯಿಸಿ, ಕುಂಕುಮ ಮತ್ತು ಅಂಟು ಸವರಿ, ಕೆಂಪು ಹಗ್ಗವಾಗಿ ಗೋಡೆಯಿಂದ ನೆಲಕ್ಕೆ ಇಳಿಬಿಟ್ಟಿದ್ದಾರೆ. ಅಂಗಳ ಸಾರಿಸಿದ, ಹೂ ಕಟ್ಟಿದ ಕೈಗಳು ಆ ಕೃತಿಯ ಬಗ್ಗೆ ಹೇಳುವ ಮಾತು ಯಾವ ವಿಮರ್ಶಕರ ಮಾತಿಗೂ ಕಡಿಮೆ ಇರುವುದಿಲ್ಲ. ಕುಂದಾಪುರದ ಹತ್ತಿರದ ಕೋಟೇಶ್ವರದವರು ಎಲ್.ಎನ್. ತಲ್ಲೂರ್. ನೋಡಲು ಬಂದವರೇ ಮರದ ದಿಮ್ಮಿಗೆ ನಾಣ್ಯ ಬಡಿಯುವಂಥ ಕೃತಿ ಮಾಡಿದ್ದಾರೆ. ದುಡ್ಡು, ಹರಕೆ, ಆಸೆ ಎಲ್ಲ ಅದರಲ್ಲಿ ಒಟ್ಟಿಗೆ ಬರುತ್ತವೆ. ನಮ್ಮ ಕರಾವಳಿಯವರಿಗೆ ಅದಕ್ಕೆ ಪೀಠಿಕೆ ಬೇಕಾಗಿಲ್ಲ.

ಎರಡನೇ ಹೆಜ್ಜೆ: ಕಾಲ ನೋಡಿ

ನವೆಂಬರಿನಿಂದ ಫೆಬ್ರವರಿವರೆಗೆ ಘಟ್ಟದ ಮೇಲೆ ಅಡಿಕೆ ಕೊಯ್ಲು. ಆಗ ಯಾರನ್ನು ಕರೆದರೂ ಬರುವುದಿಲ್ಲ. ಬಂದರೂ ನಿದ್ದೆಗಣ್ಣಿನಲ್ಲಿ ಕೂರುತ್ತಾರೆ. ಬೇಸಿಗೆ ಪೂರ್ತಿ ಮದುವೆ, ಉಪನಯನ, ಯಕ್ಷಗಾನದ ಆಟ. ಹಾಗಾಗಿ ಮಳೆಗಾಲವೇ ಸರಿ ಅಂತ ನನ್ನ ಅಭಿಪ್ರಾಯ. ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ. ತಾಳಮದ್ದಲೆಗೂ ಅದೇ ಹೊತ್ತು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದ ಮೀನುಗಾರರಿಗೂ ಬಿಡುವು.

ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗದು. ಪ್ರೊಜೆಕ್ಟರ್ ಒಂದನ್ನೇ ನಂಬಿ ಕೂರಬೇಡಿ. ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ ಇಟ್ಟುಕೊಳ್ಳಿ. ಫ್ಲೆಕ್ಸ್ ಬೇಡ, ಬಣ್ಣ ಕೆಡುತ್ತದೆ, ಹೊಳಪಿಗೆ ಕಣ್ಣು ಕುಕ್ಕುತ್ತದೆ. ಮ್ಯಾಟ್ ಫೋಟೊ ಕಾಗದ ತೆಗೆದುಕೊಳ್ಳಿ. ಕೈಯಲ್ಲಿ ಹಿಡಿದು ನೋಡಲು ಸಣ್ಣ ಪ್ರತಿಗಳೂ ಇರಲಿ. ಹಿಂದಿನ ಸಾಲಿನ ಅಜ್ಜಿಗೆ ಕನ್ನಡಕ ಹಾಕಿದರೂ ಪರದೆ ಕಾಣುವುದಿಲ್ಲ.

ಶಿರಸಿಯವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಿ. ಮಾರಿ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ಬೇಡನ ವೇಷ ಕಟ್ಟಿ ಬೀದಿಯಲ್ಲಿ ಕುಣಿಯುವ ಬೇಡರ ವೇಷ. ಊರಿನವರ ಕಣ್ಣು ಬಣ್ಣ, ವೇಷ, ತೇರು ನೋಡಿ ಹುರುಪಾಗಿರುವ ದಿನಗಳು ಅವು. ಹೋಳಿಯೋ ಜಾತ್ರೆಯೋ ಮುಗಿದ ಎರಡು-ಮೂರು ವಾರಕ್ಕೆ 'ಬೇಡರ ವೇಷದ ಬಣ್ಣಗಾರಿಕೆ' ಅಂತಲೋ 'ಜಾತ್ರೆ ಪೇಟೆಯ ಫಲಕ ಬರೆದ ಕೈಗಳು' ಅಂತಲೋ ಒಂದು ಮಾತುಕತೆ ಇಟ್ಟರೆ ಯಾರನ್ನೂ ಒತ್ತಾಯ ಮಾಡಿ ಕರೆತರಬೇಕಾಗಿಲ್ಲ.

ಮೂರನೇ ಹೆಜ್ಜೆ: ಜಾಗ ಮತ್ತು ಜನ

ವೇದಿಕೆ ಇರುವ ದೊಡ್ಡ ಹಾಲ್ ಬೇಡ. ವೇದಿಕೆ ಸಿಕ್ಕಿದರೆ ಅದರ ಮೇಲೆ ಕುರ್ಚಿ ಹಾಕಬೇಕು ಅನಿಸುತ್ತದೆ. ಕುರ್ಚಿ ಹಾಕಿದರೆ ಗಣ್ಯರನ್ನು ಹುಡುಕಬೇಕು. ಶಾಲೆಯ ಕೊಠಡಿ, ಗ್ರಂಥಾಲಯ, ಸೊಸೈಟಿಯ ಮಾಳಿಗೆ, ದೊಡ್ಡ ಮನೆಯ ಜಗಲಿ, ಯಾವುದಾದರೂ ಆಗುತ್ತದೆ. ಕೃತಿ ನಡುವೆ ಇರಲಿ, ಜನ ಸುತ್ತ ಕೂರಲಿ. ಇಪ್ಪತ್ತೈದು ಜನಕ್ಕಿಂತ ಜಾಸ್ತಿ ಆದರೆ ಎರಡು ಗುಂಪು ಮಾಡಿ.

ಯಾರನ್ನು ಕರೆಯಬೇಕು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಚಿತ್ರಕಲಾ ಮಾಸ್ತರು, ಅಕ್ಕೋರು, ಸಾಹಿತಿಗಳು ಹೇಗೂ ಬರುತ್ತಾರೆ. ಬೋರ್ಡ್ ಬರೆಯುವವರು, ಬಡಗಿ, ಕೆತ್ತನೆ ಮಾಡುವ ಗುಡಿಗಾರರು, ಹೊಲಿಗೆಯವರು, ದೋಣಿಗೆ ಬಣ್ಣ ಹೊಡೆಯುವವರು, ಯಕ್ಷಗಾನದ ಮುಖವರ್ಣಿಕೆ ಬರೆದುಕೊಳ್ಳುವ ಕಲಾವಿದರು, ಇವರು ತಾವಾಗಿ ಬರುವುದಿಲ್ಲ. 'ಅದು ನಮಗಲ್ಲ' ಅಂದುಕೊಂಡಿರುತ್ತಾರೆ. ಅವರ ಮನೆಗೆ ಹೋಗಿ ಕರೆಯಿರಿ. ವಾಟ್ಸ್ಆ್ಯಪ್ ಆಮಂತ್ರಣ ಸಾಲದು. 'ನಿಮ್ಮ ಕಣ್ಣು ಬೇಕು, ಬನ್ನಿ' ಅಂತ ನೇರವಾಗಿ ಹೇಳಿ. ವಸ್ತುವನ್ನು ಕೈಯಲ್ಲಿ ಮಾಡಿ ಗೊತ್ತಿರುವವರು ಒಂದೇ ನೋಟಕ್ಕೆ ಕಾಣುವುದನ್ನು ಉಳಿದವರು ಗಂಟೆ ಕೂತರೂ ಕಾಣುವುದಿಲ್ಲ.

ಹೆಂಗಸರು ಬರುವ ಹೊತ್ತು ಇಡಿ. ರಾತ್ರಿ ಒಂಬತ್ತಕ್ಕೆ ಇಟ್ಟರೆ ಗಂಡಸರ ಸಭೆ ಆಗುತ್ತದೆ. ಮಧ್ಯಾಹ್ನ ಮೂರರಿಂದ ಐದೂವರೆ ಅನುಕೂಲ. ಬಸ್ಸೂ ಸಿಗುತ್ತದೆ.

ನಾಲ್ಕನೇ ಹೆಜ್ಜೆ: ಮೊದಲು ನೋಡಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಎಲ್ಲರೂ ಹಾರಿಸಿಬಿಡುವ ಹೆಜ್ಜೆಯೂ ಇದೇ.

ಸ್ವಾಗತ ಎರಡು ನಿಮಿಷದಲ್ಲಿ ಮುಗಿಸಿ. ಕಲಾವಿದರ ಪರಿಚಯ, ಪ್ರಶಸ್ತಿ, ಕೃತಿಯ ಹೆಸರು ಏನನ್ನೂ ಈಗ ಹೇಳಬೇಡಿ. ಹತ್ತು ನಿಮಿಷ ಎಲ್ಲರೂ ಮಾತಿಲ್ಲದೆ ನೋಡಲಿ. ಎದ್ದು ಹತ್ತಿರ ಹೋಗಲಿ, ದೂರ ಬರಲಿ, ಬದಿಯಿಂದ ನೋಡಲಿ. ಮೊದಲ ಮೂರು ನಿಮಿಷ ಜನ ಕಸಿವಿಸಿ ಪಡುತ್ತಾರೆ, ಫೋನ್ ತೆಗೆಯುತ್ತಾರೆ. ಬಿಡಿ. ಐದನೇ ನಿಮಿಷದ ಹೊತ್ತಿಗೆ ಕಣ್ಣು ನಿಲ್ಲುತ್ತದೆ.

ಆಮೇಲೆ ಮೂರು ಪ್ರಶ್ನೆ. ಇವನ್ನು ನ್ಯೂಯಾರ್ಕಿನ ಮೋಮಾ ಮ್ಯೂಸಿಯಂನಲ್ಲಿ ಶಿಕ್ಷಣ ವಿಭಾಗ ನೋಡಿಕೊಂಡಿದ್ದ ಫಿಲಿಪ್ ಯೆನವೈನ್ ಮತ್ತು ಮನಃಶಾಸ್ತ್ರಜ್ಞೆ ಅಬಿಗೇಲ್ ಹೌಸೆನ್ ಸೇರಿ ರೂಪಿಸಿದರು. ಈಗ ಜಗತ್ತಿನ ಎಷ್ಟೋ ಮ್ಯೂಸಿಯಂ, ಶಾಲೆಗಳಲ್ಲಿ ಬಳಸುತ್ತಾರೆ. ನಮ್ಮ ಮಾತಿನಲ್ಲಿ ಹೀಗೆ ಕೇಳಬಹುದು:

'ಇಲ್ಲಿ ಏನು ನಡೀತಾ ಇದೆ?'
'ಯಾವುದನ್ನು ನೋಡಿ ನಿಮಗೆ ಹಾಗನ್ನಿಸಿತು?'
'ಇನ್ನೇನು ಕಾಣ್ತದೆ?'

ಎರಡನೇ ಪ್ರಶ್ನೆಯಲ್ಲಿ ಜೀವ ಇದೆ. ಚಿತ್ತಾರದ ಮುಂದೆ ಒಬ್ಬರು 'ಮದುವೆ ದಿಬ್ಬಣ' ಅನ್ನುತ್ತಾರೆ. 'ಯಾವುದನ್ನು ನೋಡಿ?' ಅಂತ ಕೇಳಿ. 'ನಡುವೆ ಇಬ್ಬರನ್ನು ಕೂರಿಸಿದ ದಂಡಿಗೆ ಕಾಣ್ತು ಅಲ್ದಾ?' ಅನ್ನುತ್ತಾರೆ. ಆಗ ಅಲ್ಲಿಯವರೆಗೆ ಬರೀ ತ್ರಿಕೋನ, ಗೆರೆ ಅಂತ ಕಂಡವರೂ ದಂಡಿಗೆ, ಅಂದರೆ ಪಲ್ಲಕ್ಕಿ, ನೋಡುತ್ತಾರೆ. ಇನ್ನೊಬ್ಬರು 'ಅದು ದಂಡಿಗೆ ಅಲ್ಲ, ಮನೆ' ಅಂದರೆ ಇನ್ನೂ ಒಳ್ಳೆಯದು. ಇಬ್ಬರೂ ಎದ್ದು ಹೋಗಿ ಬೆರಳು ಇಟ್ಟು ತೋರಿಸಲಿ. ಚಿತ್ತಾರ ಬರೆದವರು ಕೊನೆಗೆ ಹೇಳಲಿ. ಕಾಣದೆ ಇರುವುದನ್ನು ಆಧಾರ ಮಾಡಿಕೊಂಡು ಯಾರೂ ಮಾತಾಡದ ಹಾಗೆ ಈ ಒಂದು ಪ್ರಶ್ನೆ ನೋಡಿಕೊಳ್ಳುತ್ತದೆ.

ಕಲಾವಿದರ ಹೆಸರು, ವರ್ಷ, ಹಿನ್ನೆಲೆ ಎಲ್ಲ ಇದಾದ ಮೇಲೆ, ಅರ್ಧ ಗಂಟೆ ಕಳೆದ ನಂತರ. ಮೊದಲೇ ಹೇಳಿದರೆ ಜನ ಕೃತಿ ನೋಡುವುದು ಬಿಟ್ಟು ನೀವು ಹೇಳಿದ್ದನ್ನು ಅದರಲ್ಲಿ ಹುಡುಕುತ್ತಾರೆ.

ಐದನೇ ಹೆಜ್ಜೆ: ಆಮೇಲೆ ವಾದ

ಈಗ ತಾಳಮದ್ದಲೆಯ ಅನುಭವ ಕೆಲಸಕ್ಕೆ ಬರುತ್ತದೆ. ಒಳ್ಳೆ ಅರ್ಥಧಾರಿ, ಅಂದರೆ ಪಾತ್ರವಾಗಿ ಕೂತು ಮಾತಾಡುವವನು, ಎದುರಿನವರ ಮಾತನ್ನು ಪೂರ್ತಿ ಕೇಳುತ್ತಾನೆ, ಅದರ ಬಲವಾದ ಭಾಗವನ್ನೇ ಎತ್ತಿಕೊಂಡು ಉತ್ತರ ಕೊಡುತ್ತಾನೆ. ಪ್ರಸಂಗ ಬಿಟ್ಟು ಹೋಗುವುದಿಲ್ಲ. ಇವತ್ತು ಕರ್ಣನಾದವನು ನಾಳೆ ಅರ್ಜುನ ಆಗಬಲ್ಲ. ಈ ಗುಣಗಳನ್ನೇ ನಿಯಮ ಮಾಡಿ.

ಇದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಫ್ರಾನ್ಸಿನ ಕಲಾವಿದ ಮಾರ್ಸೆಲ್ ದುಶಾಂಪ್ 1917ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನಕ್ಕೆ ಅಂಗಡಿಯಿಂದ ತಂದ ಮೂತ್ರದ ಬೇಸಿನ್ ಕಳಿಸಿದ. ಅದರ ಮೇಲೆ 'ಆರ್. ಮಟ್' ಅಂತ ಬೇರೆ ಹೆಸರಿನ ಸಹಿ. ಶುಲ್ಕ ಕಟ್ಟಿದ ಯಾರ ಕೃತಿಯನ್ನಾದರೂ ಇಡುತ್ತೇವೆ ಅಂತ ಹೇಳಿದ್ದ ಸಂಘ ಅದನ್ನು ಮಾತ್ರ ಪ್ರದರ್ಶನಕ್ಕೆ ಇಡಲಿಲ್ಲ. ದುಶಾಂಪ್ ಅದೇ ಸಂಘದ ಮಂಡಳಿಯಲ್ಲಿದ್ದ. ರಾಜೀನಾಮೆ ಕೊಟ್ಟ. ಮೂಲ ವಸ್ತು ಕಳೆದೇ ಹೋಯಿತು. ಇವತ್ತು ಮ್ಯೂಸಿಯಂಗಳಲ್ಲಿ ಇರುವುದು ಆಮೇಲೆ ಮಾಡಿಸಿದ ಪ್ರತಿಗಳು. ಇದನ್ನೇ ಪ್ರಸಂಗ ಮಾಡಿ. ಇಬ್ಬರು ಸಂಘದ ಪರ, ಇಬ್ಬರು ದುಶಾಂಪ್ ಪರ. ಹದಿನೈದು ನಿಮಿಷ ಆದ ಮೇಲೆ ಪಕ್ಷ ಅದಲು ಬದಲು. ಪರ ಮಾತಾಡಿದವರೇ ವಿರೋಧ ಮಾತಾಡಬೇಕು. 'ಇದೆಂತ ಕಲೆ?' ಅಂತ ಕೋಪ ಮಾಡಿಕೊಂಡು ಬಂದವರು ಎದುರು ಪಕ್ಷದ ಒಳ್ಳೆ ವಾದವನ್ನು ತಾವೇ ಹುಡುಕಬೇಕಾಗುತ್ತದೆ. ಅಭಿಪ್ರಾಯ ಬದಲಾಗಬೇಕು ಅಂತೇನಿಲ್ಲ. ಅದರ ಹಿಂದಿನ ಕಾರಣ ಗಟ್ಟಿಯಾದರೆ ಸಾಕು.

ಇಟಲಿಯ ಕಲಾವಿದ ಮೌರಿಜಿಯೊ ಕ್ಯಾಟಲನ್ 2019ರಲ್ಲಿ ಗೋಡೆಗೆ ಟೇಪಿನಿಂದ ಅಂಟಿಸಿದ ಬಾಳೆಹಣ್ಣಿನ ಸುದ್ದಿ ಎಲ್ಲರ ಫೋನಿಗೂ ಬಂದಿತ್ತು. 2024ರಲ್ಲಿ ಅದು ಹರಾಜಿನಲ್ಲಿ 62 ಲಕ್ಷ ಡಾಲರ್‌ಗೆ ಹೋಯಿತು. ಕೊಂಡವರಿಗೆ ಸಿಗುವುದು ಪ್ರಮಾಣಪತ್ರ ಮತ್ತು ಹಣ್ಣನ್ನು ಹೇಗೆ ಅಂಟಿಸಬೇಕು ಅನ್ನುವ ಸೂಚನೆ. ಬಾಳೆ ಬೆಳೆಯುವ ನಮ್ಮ ಕಡೆ ಇದನ್ನು ನಕ್ಕು ಬಿಡುವುದು ಸುಲಭ. ನಗು ಮುಗಿದ ಮೇಲೆ ಕೇಳಿ: ಬೆಲೆ ಕಟ್ಟುವುದು ಯಾರು? ನಮ್ಮ ಗೊನೆಗೆ ಬೆಲೆ ಕಟ್ಟುವವರು ಯಾರು?

ಕೃತಿಯ ಜತೆಗೆ ಸಂಸ್ಥೆಗಳ ಬಗ್ಗೆಯೂ ಚರ್ಚೆ ಆಗಬೇಕು. 2016ರಲ್ಲಿ ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ವಹಿಸುವ ಒಪ್ಪಂದದ ವಿರುದ್ಧ ಕಲಾವಿದರು ಒಟ್ಟಾಗಿ ನಿಂತರು. ಸಾರ್ವಜನಿಕ ಗ್ಯಾಲರಿ ಯಾರದ್ದು ಅನ್ನುವ ಪ್ರಶ್ನೆ ಆಗ ಬೀದಿಗೇ ಬಂತು. ನಮ್ಮಲ್ಲಿ ಕಾರವಾರದ ಕಡಲತೀರದಲ್ಲಿ 2006ರಿಂದ ಮ್ಯೂಸಿಯಂ ಆಗಿ ನಿಂತಿರುವ ಐಎನ್ಎಸ್ ಚಾಪಲ್ ಯುದ್ಧನೌಕೆ ಇದೆ. ಒಂದು ಭಾನುವಾರ ಗುಂಪಾಗಿ ಹೋಗಿ ನೋಡಿ. ಫಲಕಗಳಲ್ಲಿ ಏನು ಬರೆದಿದೆ, ಯಾರ ಮಾತಿನಲ್ಲಿ ಬರೆದಿದೆ ಅಂತ ಗುರುತು ಹಾಕಿಕೊಳ್ಳಿ. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾದ ಹಳ್ಳಿಗಳ ಜನ ಮನೆ, ಗದ್ದೆ, ಮೀನು ಹಿಡಿಯುವ ದಂಡೆ ಬಿಟ್ಟುಕೊಟ್ಟಿದ್ದಾರೆ. ಕಡಲು ಮತ್ತು ನೌಕಾಪಡೆಯ ಕಥೆ ಹೇಳುವ ಮ್ಯೂಸಿಯಂ ಒಂದನ್ನು ನೀವೇ ರೂಪಿಸುವುದಾದರೆ ಆ ಮನೆಗಳಿಂದ ಯಾವ ವಸ್ತು ತಂದು ಇಡುತ್ತೀರಿ? ಪ್ರತಿಯೊಬ್ಬರೂ ಒಂದೊಂದು ವಸ್ತುವಿನ ಹೆಸರು ಬರೆದುಕೊಡಲಿ. ಆ ಪಟ್ಟಿ ಓದಿದರೆ ಸಾಕು, ಒಂದು ಸಂಜೆಯ ಚರ್ಚೆ ತಾನಾಗಿ ಬೆಳೆಯುತ್ತದೆ.

ಆರನೇ ಹೆಜ್ಜೆ: ನಡೆಸಿಕೊಡುವವರಿಗೆ

ಚರ್ಚೆ ನಡೆಸುವವರು ತಾಳಮದ್ದಲೆಯಲ್ಲಿ ಪದ್ಯ ಹಾಡುವ ಭಾಗವತರ ಜಾಗದಲ್ಲಿ ಇರುತ್ತಾರೆ. ಪದ್ಯ ಎತ್ತಿಕೊಡಬೇಕು, ಅರ್ಥ ಹೇಳಬಾರದು. ತಮ್ಮ ಅಭಿಪ್ರಾಯವನ್ನು ಕೊನೆಯವರೆಗೂ ತಡೆದುಕೊಳ್ಳುವ ಶಕ್ತಿ ಇರುವವರನ್ನೇ ಆರಿಸಿ. ಊರಿನ ಅತಿ ದೊಡ್ಡ ವಿದ್ವಾಂಸರು ಇದಕ್ಕೆ ಸರಿ ಹೋಗುವುದು ಅಪರೂಪ.

ಒಬ್ಬರು ಮಾತಾಡಿದ ಮೇಲೆ ಅವರ ಮಾತನ್ನು ಒಂದು ಸಾಲಿನಲ್ಲಿ ತಿರುಗಿ ಹೇಳಿ: 'ಅಂದರೆ ಕೆಂಪು ಇಲ್ಲಿ ರಕ್ತ ಅಲ್ಲ, ಸೌಭಾಗ್ಯ ಅಂತ ನಿಮ್ಮ ಮಾತು, ಅಲ್ವಾ?' ಹೇಳಿದವರಿಗೆ ತನ್ನ ಮಾತು ಬಿದ್ದುಹೋಗಲಿಲ್ಲ ಅನ್ನುವ ಧೈರ್ಯ ಬರುತ್ತದೆ. ಒಬ್ಬರೇ ಜಾಸ್ತಿ ಹೊತ್ತು ಮಾತಾಡುತ್ತಿದ್ದರೆ ಸಿಟ್ಟಾಗದೆ, 'ಮಾಸ್ತರೇ, ನೀವು ಹೇಳಿದ್ದು ಚಿತ್ರದಲ್ಲಿ ಎಲ್ಲಿದೆ ತೋರಿಸಿ' ಅನ್ನಿ. ಮಾತು ತಾನಾಗಿ ಕೃತಿಗೆ ಮರಳುತ್ತದೆ. ಸುಮ್ಮನಿದ್ದವರನ್ನು 'ನೀವೂ ಏನಾದರೂ ಹೇಳಿ' ಅಂತ ಎಬ್ಬಿಸಿ ಮುಜುಗರ ಮಾಡಬೇಡಿ. ಚೀಟಿ ಕೊಡಿ, ಬರೆಯಲಿ, ನೀವು ಓದಿ. ಎಷ್ಟೋ ಸಲ ಸಭೆಯ ಒಳ್ಳೆಯ ಮಾತು ಆ ಚೀಟಿಯಲ್ಲೇ ಇರುತ್ತದೆ.

ಕಲಾವಿದರು ಸಭೆಯಲ್ಲಿ ಇದ್ದರೆ ಅವರಿಗೆ ಮೊದಲೇ ತಿಳಿಸಿ: ಅರ್ಧ ಗಂಟೆ ಉತ್ತರ ಕೊಡುವ ಹಾಗಿಲ್ಲ, ಬರೀ ಕೇಳಬೇಕು. ಇದು ಕಷ್ಟ. ಆದರೆ ತನ್ನ ಕೆಲಸವನ್ನು ಜನ ಹೇಗೆ ಓದುತ್ತಾರೆ ಅಂತ ಕೇಳುವ ಅವಕಾಶ ಅವರಿಗೆ ಬೇರೆಲ್ಲೂ ಸಿಗುವುದಿಲ್ಲ. ಬಂದವರಿಗೆ ಒಂದೇ ನಿಯಮ: ಕೃತಿಯ ಬಗ್ಗೆ ಎಷ್ಟು ಬೇಕಾದರೂ ಖಾರವಾಗಿ ಮಾತಾಡಿ, ಮಾಡಿದವರ ಜಾತಿ, ಊರು, ಪಕ್ಷ, ಮನೆತನದ ಸುದ್ದಿ ಬೇಡ.

ದೇವರ ಚಿತ್ರ, ಮತದ ವಿಷಯ ಬಂದಾಗ ಬಿಸಿ ಏರುತ್ತದೆ. ಅದಕ್ಕೆ ಹೆದರಿ ವಿಷಯವನ್ನೇ ಬಿಡಬೇಡಿ. ಮೂರು ಪ್ರಶ್ನೆಗೆ ತಿರುಗಿ ಹೋಗಿ. ಒಬ್ಬರಿಗೆ ನಿಜವಾಗಿ ನೋವಾಗಿದ್ದರೆ ಆ ನೋವನ್ನೂ ಪೂರ್ತಿ ಹೇಳಲು ಬಿಡಿ. ಅದೂ ಆ ಕೃತಿಗೆ ಬಂದ ಒಂದು ಪ್ರತಿಕ್ರಿಯೆಯೇ.

ಸಿದ್ದಾಪುರ ದಾಟಿ ಸಾಗರದ ಮೇಲೆ ಹೋದರೆ ಹೆಗ್ಗೋಡು. 1949ರಲ್ಲಿ ಶುರುವಾದ ನಾಟಕ ಸಂಸ್ಥೆ ನೀನಾಸಮ್, ಅದನ್ನು ಬೆಳೆಸಿ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಕೆ.ವಿ. ಸುಬ್ಬಣ್ಣ, ಅಲ್ಲಿನ ಸಂಸ್ಕೃತಿ ಶಿಬಿರ ನಿಮಗೆ ಗೊತ್ತೇ ಇದೆ. ಹಳ್ಳಿಯಲ್ಲಿ ಕೂತು ನಾಟಕ, ಸಿನಿಮಾ ನೋಡಿ ಮಾತಾಡುವುದನ್ನು ಅವರು ಹೇಗೆ ನಡೆಸುತ್ತಾರೆ ಅಂತ ನಡೆಸಿಕೊಡುವವರು ಒಮ್ಮೆ ಹೋಗಿ ನೋಡಿಬರಲಿ.

ಏಳನೇ ಹೆಜ್ಜೆ: ದುಡ್ಡು, ಒಪ್ಪಿಗೆ, ಕಾಪಿರೈಟ್

ಖರ್ಚು ದೊಡ್ಡದಲ್ಲ: ಮುದ್ರಣ, ಚಾ ಅಥವಾ ಕಷಾಯ, ಬಂದ ಕಲಾವಿದರ ಬಸ್ ಚಾರ್ಜು ಮತ್ತು ಗೌರವಧನ. ಗೌರವಧನ ಚಿಕ್ಕದಾದರೂ ಕೊಡಲೇಬೇಕು. ಶಾಲು, ಹಾರದ ದುಡ್ಡನ್ನು ಅದಕ್ಕೇ ಸೇರಿಸಿ. ಮುಂದೆ ಸಂಘ ನೋಂದಣಿ ಮಾಡಿಸಿಕೊಂಡರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಕಾರವಾರದ ಕಚೇರಿಯಲ್ಲಿ, ಕರ್ನಾಟಕ ಲಲಿತಕಲಾ ಅಕಾಡೆಮಿಯಲ್ಲಿ ನೆರವು ಕೇಳಬಹುದು.

ದೇವಸ್ಥಾನದ ಒಳಗೆ ಫೋಟೊ ತೆಗೆಯಲು ಆಡಳಿತದವರ ಒಪ್ಪಿಗೆ ಬೇಕು. ಕಡಲತೀರದಂಥ ಸಾರ್ವಜನಿಕ ಜಾಗದಲ್ಲಿ ಮೈಕು ಕಟ್ಟಿ ನಡೆಸುವುದಾದರೆ ಮೊದಲೇ ಅನುಮತಿ ತೆಗೆದುಕೊಳ್ಳಿ. ಭಾರತದ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ವಿಮರ್ಶೆಗಾಗಿ ಮಿತವಾಗಿ ಬಳಸಲು ಕಾಯ್ದೆಯಲ್ಲಿ ಅವಕಾಶ ಇದೆ. ಆದರೂ ಬದುಕಿರುವ ಕಲಾವಿದರಿಗೆ ಒಂದು ಪತ್ರ ಬರೆದು ಕೇಳಿ. ಬಹಳ ಸಲ ಖುಷಿಯಿಂದ ಒಪ್ಪುತ್ತಾರೆ, ಒಳ್ಳೆಯ ಫೋಟೊವನ್ನೂ ಕಳಿಸುತ್ತಾರೆ.

ಎಂಟನೇ ಹೆಜ್ಜೆ: ಬರೆದಿಡಿ

ಮಾತು ಗಾಳಿಗೆ ಹೋಗಬಾರದು. ಒಬ್ಬರು ನೋಟ್‌ಬುಕ್ಕಿನಲ್ಲಿ ಬರೆಯಲಿ. ಯಾರು ಏನಂದರು ಅನ್ನುವುದಕ್ಕಿಂತ ಉತ್ತರ ಸಿಗದೆ ಉಳಿದ ಪ್ರಶ್ನೆಗಳನ್ನು ಬರೆದುಕೊಳ್ಳಿ. ಮುಂದಿನ ಸಲ ಅಲ್ಲಿಂದಲೇ ಶುರು ಮಾಡಬಹುದು. ಕಾಲೇಜಿನ ಹುಡುಗ ಹುಡುಗಿಯರಿಗೆ ಕೃತಿಯ ಬಗ್ಗೆ 300 ಪದಗಳ ಬರಹ ಬರೆಯಲು ಹೇಳಿ. ಮೊದಲ 100 ಪದದಲ್ಲಿ ಬರೀ ಕಂಡದ್ದು, 'ಅದ್ಭುತ', 'ಮನಮೋಹಕ' ಅನ್ನುವ ಮಾತೇ ಇಲ್ಲ. ಉಳಿದದ್ದರಲ್ಲಿ ಅಭಿಪ್ರಾಯ ಮತ್ತು ಅದಕ್ಕೆ ಕಾರಣ. ಚೆನ್ನಾಗಿ ಬಂದದ್ದನ್ನು ಶಿರಸಿಯ ಲೋಕಧ್ವನಿ, ಕಾರವಾರದ ಕರಾವಳಿ ಮುಂಜಾವು ಥರದ ಜಿಲ್ಲೆಯ ಪತ್ರಿಕೆಗಳಿಗೆ ಕಳಿಸಿ. ಉದ್ಘಾಟನೆಯ ಫೋಟೊ ಬದಲು ಕೃತಿಯ ಫೋಟೊ ಕೊಡಿ.

ಒಂಬತ್ತನೇ ಹೆಜ್ಜೆ: ಒಟ್ಟಾಗಿ ಹೋಗಿ ನೋಡಿ

ನಾಲ್ಕೈದು ಸಭೆ ನಡೆದ ಮೇಲೆ ಗುಂಪಾಗಿ ಒಂದು ಮ್ಯೂಸಿಯಂಗೆ ಹೋಗಿ. ಕಾರವಾರದಿಂದ ಪಣಜಿಗೆ 100 ಕಿಲೋಮೀಟರ್ ಆಸುಪಾಸು. ಪಿಲೆರ್ನ್ ಅಲ್ಲಿಂದ ಹತ್ತಿರ. ಕೇರ್ಕರ್ ಅವರ ಕೃತಿಗಳಲ್ಲಿ ಕಡಲು, ಚಿಪ್ಪು, ಹಳೆ ದೋಣಿ ತುಂಬಿರುವುದರಿಂದ ನಮ್ಮ ಮೀನುಗಾರ ಗೆಳೆಯರನ್ನು ಬಿಟ್ಟು ಹೋಗಬೇಡಿ. ಪಣಜಿಯಲ್ಲೇ 2016ರಿಂದ ಡಿಸೆಂಬರಿನಲ್ಲಿ ಸೆರೆಂಡಿಪಿಟಿ ಕಲಾ ಉತ್ಸವವೂ ನಡೆಯುತ್ತದೆ. ಕೊಚ್ಚಿಯ ಬಿಯೆನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ, 2012ರ ಡಿಸೆಂಬರ್ 12ರಂದು ಶುರುವಾದದ್ದು. ಅದು ನಡೆಯುವ ವರ್ಷ ಕೊಂಕಣ ರೈಲು ಹಿಡಿದರೆ ಎರ್ನಾಕುಲಂ ತಲುಪಬಹುದು. ಹಳೆ ಗೋದಾಮು, ಬಂಗಲೆಗಳಲ್ಲಿ ಕೃತಿಗಳನ್ನು ಇಡುವ ರೀತಿ ನಮ್ಮ ಬಂದರು ಊರುಗಳಲ್ಲಿ ಏನೇನು ಮಾಡಬಹುದು ಅಂತ ಆಸೆ ಹುಟ್ಟಿಸುತ್ತದೆ. ಬೆಂಗಳೂರಿಗೆ ಹೋಗುವುದಾದರೆ ಸೋಮವಾರ ಬಿಟ್ಟು ಹೋಗಿ. ಮ್ಯಾಪ್‌ಗೂ, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಲ್ಲಿ ಶುರುವಾದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ ಅವತ್ತು ರಜೆ.

ಅಲ್ಲಿ ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ. ಪ್ರತಿಯೊಬ್ಬರೂ ಒಂದು ಕೃತಿಯ ಮುಂದೆ ಹತ್ತು ನಿಮಿಷ ನಿಂತು ಬರಲಿ. ವಾಪಸ್ ಬಂದ ವಾರದೊಳಗೆ ಕೂತು ಮಾತಾಡಿ. ಫಲಕದಲ್ಲಿ ಕನ್ನಡ ಇತ್ತಾ, ಓದುವ ಎತ್ತರದಲ್ಲಿ ಇತ್ತಾ, ವಯಸ್ಸಾದವರಿಗೆ ಕೂರಲು ಜಾಗ ಇತ್ತಾ, ಚಿತ್ತಾರ, ಕೌದಿ ಇದ್ದಲ್ಲಿ ಮಾಡಿದವರ ಹೆಸರು ಇತ್ತಾ ಅಂತ ಪಟ್ಟಿ ಮಾಡಿ. ಮೆಚ್ಚಿದ್ದನ್ನೂ ಮೆಚ್ಚದ್ದನ್ನೂ ಸೇರಿಸಿ ಕನ್ನಡದಲ್ಲೇ ಒಂದು ಪುಟದ ಪತ್ರ ಬರೆದು, ಎಲ್ಲರೂ ಸಹಿ ಹಾಕಿ, ಆ ಮ್ಯೂಸಿಯಂನ ಕಾರ್ಯಕ್ರಮ ವಿಭಾಗಕ್ಕೆ ಅಂಚೆಯಲ್ಲಿ ಕಳಿಸಿ. ಉತ್ತರ ಬಂದರೆ ಮುಂದಿನ ಸಭೆಯಲ್ಲಿ ಅದನ್ನೇ ಮೊದಲು ಓದಿ.